ಗೋವಾಕ್ಕೆ ಹೋದರೆ ದುಡಿಮೆ, ಕಾಲೇಜಿಗೆ ಹೋದರೆ ಹುಚ್ಚು

ಮುದ್ದೇಬಿಹಾಳ ತಾಲ್ಲೂಕಿನಲ್ಲಿ ನಲವತ್ತು ದಾಟಿದವರು ಕಸುಬು ಬದಲಿಸುವುದು ಹೊಸ ಸಂಗತಿಯಲ್ಲ. ಮಳೆ ಕೈಕೊಟ್ಟ ವರ್ಷ ತೊಗರಿ ಬೆಳೆಯುತ್ತಿದ್ದವನು ಮಂಗಳೂರಿಗೆ ಹೋಗಿ ಸೆಂಟ್ರಿಂಗ್ ಕೆಲಸಕ್ಕೆ ನಿಲ್ಲುತ್ತಾನೆ. ತಾಂಡಾದ ಗಂಡ-ಹೆಂಡಿರು ಮಕ್ಕಳು-ಮರಿ ಕಟ್ಟಿಕೊಂಡು ಗೋವಾದ ಬಸ್ಸು ಹತ್ತುತ್ತಾರೆ. ಮುಳುಗಡೆಯಲ್ಲಿ ಹೊಲ ಕಳಕೊಂಡವನು ಪರಿಹಾರದ ದುಡ್ಡಿನಲ್ಲಿ ಟಂಟಂ ಕೊಂಡು ಡ್ರೈವರ್ ಆಗುತ್ತಾನೆ. ಕಂತು ಕಟ್ಟಲಾಗದೆ ಗಾಡಿ ಮಾರಿ ಪುಣೆಯಲ್ಲಿ ವಾಚ್‌ಮನ್ ಆಗುತ್ತಾನೆ. ಐವತ್ತರ ಅಂಚಿನಲ್ಲಿ ಮೂರನೆಯ ಕಸುಬು ಹಿಡಿದ ಇಂಥವರನ್ನು ನೋಡಿ ಊರಲ್ಲಿ ಯಾರೂ ನಗುವುದಿಲ್ಲ. “ಪಾಪ, ದುಡಿಯಾಕ ಹೋಗ್ಯಾನ” ಎನ್ನುತ್ತಾರೆ, ಅಷ್ಟೆ.

ಅದೇ ಮನುಷ್ಯ ನಲವತ್ತೆರಡನೆಯ ವಯಸ್ಸಿಗೆ ಡಿಗ್ರಿಗೆ ಹೆಸರು ಹಚ್ಚಲಿ, ನೋಡಿ. ಚಹಾದಂಗಡಿಗೆ ಒಂದು ವಾರದ ಮಾತು ಸಿಕ್ಕಿತು. “ಏನ್ ಕಾಕಾ, ಮಗನ ಬಾಜೂಕ ಬೆಂಚ್‌ನ್ಯಾಗ ಕುಂಡ್ರಾವರೇನು?” ಎಂದು ಪಡ್ಡೆ ಹುಡುಗರು ಕೇಳುತ್ತಾರೆ. ಹೆಣ್ಣುಮಗಳಾದರೆ ನಗು ಮನೆಯೊಳಗಿನಿಂದಲೇ ಶುರು: “ಮಗಳ ಲಗ್ನದ ಚಿಂತಿ ಬಿಟ್ಟು ನಿನ್ನ ಪರೀಕ್ಷಿ ಚಿಂತಿ ಹಚ್ಚಿಕೊಂಡಿಯಲ್ಲವಾ!” ಮೈ ಮುರಿದು ಬದುಕು ಬದಲಿಸಿಕೊಂಡವರನ್ನು ಒಪ್ಪುವ ಊರು, ಓದಿ ಬದಲಿಸಿಕೊಳ್ಳಲು ಹೊರಟವರನ್ನು ಹುಚ್ಚರ ಲೆಕ್ಕಕ್ಕೆ ಹಾಕುತ್ತದೆ. ನನ್ನ ತಕರಾರು ಇಲ್ಲಿಂದ ಶುರು.

ನಗುವವರ ಕೈಯಲ್ಲಿ ಒಂದು ಗಾದೆ ಸದಾ ಸಿದ್ಧ: ಗಿಡವಾಗಿ ಬಗ್ಗದ್ದು ಮರವಾಗಿ ಬಗ್ಗೀತೇ? ಮಕ್ಕಳ ನಡತೆ ತಿದ್ದುವ ತಂದೆತಾಯಿಗೆ ಹೇಳಿದ ಗಾದೆಯನ್ನು ಕಲಿಕೆಗೆ ತಂದು ಅಂಟಿಸಿದವರು ಯಾರೋ ಗೊತ್ತಿಲ್ಲ. ನಮ್ಮ ಜಿಲ್ಲೆಯಲ್ಲೇ ಬಿಳಿಜೋಳ ಬಿತ್ತುತ್ತಿದ್ದ ಕೈಗಳು ಐವತ್ತರ ಮೇಲೆ ದ್ರಾಕ್ಷಿ ಕಲಿತವು, ದಾಳಿಂಬೆ ಕಲಿತವು; ಯಾವ ಔಷಧಿ ಎಷ್ಟು ಲೀಟರ್ ನೀರಿಗೆ ಎಷ್ಟು ಎಂಎಲ್ ಎಂಬ ಲೆಕ್ಕ ಕಲಿತವು. ಓದು ಬರದ ಅಜ್ಜಿ ಪಿಂಚಣಿ ಜಮಾ ಆಯಿತೋ ಇಲ್ಲವೋ ಎಂದು ಮೊಬೈಲ್‌ನಲ್ಲೇ ನೋಡುತ್ತಾಳೆ. ಆಗ ಯಾರಿಗೂ ಮರದ ನೆನಪಾಗಲಿಲ್ಲ. ಕೈಗೆ ಪುಸ್ತಕ ಬಂದ ಕೂಡಲೇ ಆಗುತ್ತದೆ.

ವಯಸ್ಸಾದವರ ತಲೆಗೆ ಓದು ಹತ್ತುವುದಿಲ್ಲ ಎನ್ನುವವರು ಒಂದು ದಿನ ಕೋರ್ಟಿನ ಕಟ್ಟೆಗೆ ಬಂದು ಕೂಡಬೇಕು. ಕೃಷ್ಣಾ ಮೇಲ್ದಂಡೆ ಯೋಜನೆ ಈ ಭಾಗದ ರೈತರಿಗೆ ನೀರಿಗಿಂತ ಮೊದಲು ಕಾನೂನು ಕೊಟ್ಟಿತು. ನಾರಾಯಣಪುರದ ಬಸವಸಾಗರ ಅಣೆಕಟ್ಟು 1982ರಲ್ಲಿ ಮುಗಿಯಿತು. ಆಲಮಟ್ಟಿಗೆ 1964ರ ಮೇ ತಿಂಗಳಲ್ಲಿ ಲಾಲ್ ಬಹಾದ್ದೂರ್ ಶಾಸ್ತ್ರಿ ಅಡಿಗಲ್ಲು ಹಾಕಿದರು; 2006ರಲ್ಲಿ ರಾಷ್ಟ್ರಪತಿ ಅಬ್ದುಲ್ ಕಲಾಂ ಅದನ್ನು ನಾಡಿಗೆ ಅರ್ಪಿಸಿದರು. ಈ ನಡುವಿನ ದಶಕಗಳಲ್ಲಿ ಹೊಲ-ಮನೆ ಬಿಟ್ಟೆದ್ದವರು 1894ರ ಭೂಸ್ವಾಧೀನ ಕಾಯ್ದೆಯನ್ನು ಬಾಯಿಪಾಠ ಮಾಡಿಬಿಟ್ಟರು. ಹೆಬ್ಬೆಟ್ಟು ಒತ್ತುವ ಮುದುಕನಿಗೆ ನಾಲ್ಕನೇ ಕಲಮಿನ ನೋಟಿಸು ಯಾವ ವರ್ಷ ಬಂತು, ಹನ್ನೊಂದರ ಅವಾರ್ಡಿನಲ್ಲಿ ಎಕರೆಗೆ ಎಷ್ಟು ಹಿಡಿದರು, ಸಾಲದೆಂದು ಹದಿನೆಂಟರ ಅರ್ಜಿ ಹಾಕಿದ್ದು ಯಾವಾಗ ಎಂಬುದೆಲ್ಲ ಮಕ್ಕಳು ಹುಟ್ಟಿದ ದಿನಕ್ಕಿಂತ ಚೆನ್ನಾಗಿ ನೆನಪಿದೆ. ಅದೇ ನೋಟಿಸಿನಲ್ಲಿ ಹೊಲ ಕಳಕೊಂಡ ನೆರೆಯವನು ಕೋರ್ಟಿಗೆ ಹೋಗಿ ಹೆಚ್ಚಿನ ಪರಿಹಾರ ಪಡೆದರೆ, ಕೋರ್ಟಿಗೆ ಹೋಗದೆ ಉಳಿದವನೂ ಆ ತೀರ್ಪಿನ ಮೂರು ತಿಂಗಳೊಳಗೆ ಅರ್ಜಿ ಹಾಕಿ ತನಗೂ ಅಷ್ಟೇ ಕೊಡಿ ಎಂದು ಕೇಳಬಹುದಿತ್ತು. ಅದು 28-ಎ ಕಲಮು, 1984ರ ತಿದ್ದುಪಡಿಯಿಂದ ಬಂದದ್ದು. ಆ ಮೂರು ತಿಂಗಳ ವಿಷಯ ಗೊತ್ತಿದ್ದವನ ಮನೆಗೆ ದುಡ್ಡು ಬಂತು. ಗೊತ್ತಿಲ್ಲದವನು ನಾಲ್ಕನೆಯ ತಿಂಗಳು ವಕೀಲರ ಮುಂದೆ ಕೈಮುಗಿದು ನಿಂತ.

ಇವರಿಗೆ ತಲೆಯಿಲ್ಲವೆಂದು ಯಾರು ಹೇಳುತ್ತಾರೆ? ಬಂದ ಪರಿಹಾರದಲ್ಲಿ ಏಜೆಂಟರಿಗೆ ಪಾಲು ಕೊಟ್ಟು, ತಾರೀಖಿನಿಂದ ತಾರೀಖಿಗೆ ಬಸ್ ಚಾರ್ಜು ಕೊಟ್ಟು ಕಲಿತ ಕಾನೂನು ಅದು. ಯಾವ ಕಾಲೇಜಿನ ಫೀಯೂ ಅಷ್ಟು ದುಬಾರಿ ಇಲ್ಲ. ಇವರ ಪೈಕಿ ಡಿಗ್ರಿ ಮುಗಿಸಿದ್ದ ಒಬ್ಬ ನಲವತ್ತೈದಕ್ಕೆ ಎಲ್‌ಎಲ್‌ಬಿಗೆ ಸೇರುತ್ತೇನೆಂದರೆ “ನಿನಗಿನ್ನ ವಕೀಲಕಿ ಯಾಕ ಬೇಕೋ” ಎನ್ನುವವರು, ಆತ ಇಪ್ಪತ್ತು ವರ್ಷ ಕಟ್ಟೆಯ ಮೇಲೆ ಕೂತು ಅರ್ಧ ಕೋರ್ಸು ಮುಗಿಸಿದ್ದನ್ನು ಕಂಡೇ ಇಲ್ಲ. ಕಾನೂನು ಅವನನ್ನು ತಡೆಯುವುದೂ ಇಲ್ಲ. ಭಾರತೀಯ ಬಾರ್ ಕೌನ್ಸಿಲ್ 2008ರ ನಿಯಮಗಳಲ್ಲಿ ಮೂರು ವರ್ಷದ ಎಲ್‌ಎಲ್‌ಬಿಗೆ 30 ವರ್ಷದ ಮಿತಿ ಹಾಕಿತ್ತು. 2013ರಲ್ಲಿ ಹಿಂದೆಗೆದು 2016ರಲ್ಲಿ ಮತ್ತೆ ಹೇರಿತು. 2017ರ ಮಾರ್ಚ್‌ನಲ್ಲಿ ಸುಪ್ರೀಂ ಕೋರ್ಟು ಅದಕ್ಕೆ ತಡೆ ಕೊಟ್ಟಿತು. 45 ದಾಟಿದವರಿಗೆ ಸನ್ನದು ಕೊಡುವುದಿಲ್ಲ ಎಂಬ ಹಳೆಯ ನಿಯಮವನ್ನಂತೂ ಅದೇ ಕೋರ್ಟು 1995ರಲ್ಲೇ ಕಿತ್ತುಹಾಕಿತ್ತು. ಸುಪ್ರೀಂ ಕೋರ್ಟು ತೆಗೆದ ಬೇಲಿಯನ್ನು ಚಹಾದಂಗಡಿಯವರು ಇನ್ನೂ ಕಾಯುತ್ತ ನಿಂತಿದ್ದಾರೆ.

ಈ ಬೇಲಿ ಎಲ್ಲಿಂದ ಬಂತು ಎಂದು ಯೋಚಿಸಿದರೆ ಉತ್ತರ ಸರಳ. ನಮ್ಮ ಕಡೆ ಕಾಲೇಜು ಎಂದರೆ ಸರಕಾರಿ ನೌಕರಿಗೆ ಹೋಗುವ ಬಸ್ಸಿನ ಟಿಕೀಟು. ರಾಜ್ಯದ ನೇಮಕಾತಿಯಲ್ಲಿ ಸಾಮಾನ್ಯವಾಗಿ ಸಾಮಾನ್ಯ ವರ್ಗಕ್ಕೆ 35, ಹಿಂದುಳಿದ ವರ್ಗಗಳಿಗೆ 38, ಪರಿಶಿಷ್ಟರಿಗೆ 40 ಎಂಬ ವಯೋಮಿತಿ ಇದೆ. ಆಗಾಗ ಸರಕಾರ ಒಂದಿಷ್ಟು ಸಡಿಲಿಸುತ್ತದೆ. ಆ ಅಂಕಿ ದಾಟಿದ ದಿನ ಬಸ್ಸು ಹೋಯಿತು, ಇನ್ನು ಟಿಕೀಟು ಯಾಕೆ ಎಂಬುದು ಜನರ ತರ್ಕ. ತಲಾಟಿ, ಎಫ್‌ಡಿಎ, ಪೊಲೀಸ್, ಮಾಸ್ತರಿಕೆ, ಈ ನಾಲ್ಕು ಬಿಟ್ಟು ಓದಿಗೆ ಬೇರೆ ಫಲವೇ ಇಲ್ಲವೆಂದು ನಂಬಿದ ಸಮಾಜಕ್ಕೆ ಮೂವತ್ತೈದರ ಮೇಲಿನ ವಿದ್ಯಾರ್ಥಿ ಅರ್ಥವಾಗುವುದಿಲ್ಲ. ಅರ್ಥವಾಗದ್ದಕ್ಕೆ ನಗುತ್ತದೆ. ಇದೇ ತರ್ಕ ಇಪ್ಪತ್ತೆರಡರ ಹುಡುಗನನ್ನೂ ಕೊಲ್ಲುತ್ತಿದೆ: ಡಿಗ್ರಿ ಮುಗಿಸಿ ಹತ್ತು ವರ್ಷ ಸ್ಪರ್ಧಾತ್ಮಕ ಪರೀಕ್ಷೆಗೆ ಓದುತ್ತ ಕೂತು, ವಯೋಮಿತಿ ದಾಟಿದ ಮೇಲೆ ಹೊಲಕ್ಕೂ ಒಗ್ಗದೆ ಅಂಗಡಿಗೂ ಒಗ್ಗದೆ ನಿಂತವರನ್ನು ಧಾರವಾಡದ ರೂಮುಗಳಲ್ಲಿ, ವಿಜಯಪುರದ ಲೈಬ್ರರಿಗಳಲ್ಲಿ ಎಷ್ಟು ಬೇಕಾದರೂ ನೋಡಬಹುದು. ಆ ಹತ್ತು ವರ್ಷವನ್ನು ಯಾರೂ ಹುಚ್ಚು ಎನ್ನುವುದಿಲ್ಲ. “ತಯಾರಿ ನಡಿಸ್ಯಾನ” ಎನ್ನುತ್ತಾರೆ.

ನಮ್ಮ ಜಿಲ್ಲೆಯ ಚರಿತ್ರೆಯನ್ನೇ ನೋಡಿ. ಫ.ಗು. ಹಳಕಟ್ಟಿಯವರು ವಿಜಯಪುರದಲ್ಲಿ ಹೆಸರು ಮಾಡಿದ ವಕೀಲರು. ಹುಟ್ಟಿದ್ದು 1880ರಲ್ಲಿ. ವಚನಶಾಸ್ತ್ರ ಸಾರದ ಮೊದಲ ಭಾಗ ಹೊರಬಂದದ್ದು 1923ರಲ್ಲಿ, ಅಂದರೆ ಅವರ ನಲವತ್ಮೂರಕ್ಕೆ. 1925ರಲ್ಲಿ ಹಿತಚಿಂತಕ ಮುದ್ರಣಾಲಯ, 1926ರಲ್ಲಿ ಶಿವಾನುಭವ ಪತ್ರಿಕೆ. ಅಚ್ಚುಮೊಳೆ ಜೋಡಿಸುವುದು, ಪ್ರೂಫ್ ತಿದ್ದುವುದು, ತಾಳೆಗರಿಯ ಪಾಠ ಬಿಡಿಸುವುದು ಯಾವುದೂ ವಕೀಲಿಕೆಯಲ್ಲಿ ಕಲಿಸುವ ವಿದ್ಯೆಯಲ್ಲ. ನಡುವಯಸ್ಸಿನಲ್ಲಿ ಹೊಸದಾಗಿ ಕಲಿತರು, ಅದಕ್ಕಾಗಿ ಇದ್ದ ಮನೆಯನ್ನೂ ಮಾರಿದರು. ವಕೀಲಿಕೆ ಬಿಟ್ಟು ಪ್ರೆಸ್ ಹಾಕಿದ ಮನುಷ್ಯನನ್ನು ಆ ಕಾಲದ ಚಹಾದಂಗಡಿ ಏನೆಂದಿರಬಹುದು, ನೀವೇ ಊಹಿಸಿ. ಅವರು 1910ರಲ್ಲಿ ಕಟ್ಟಿದ ಬಿಎಲ್‌ಡಿಇ ಸಂಸ್ಥೆಯಲ್ಲಿ ಇವತ್ತು ಮಕ್ಕಳಿಗೆ ಸೀಟು ಕೇಳಲು ಸಾಲುಗಟ್ಟುವ ನಾವು, ಅವರ ಫೋಟೊಕ್ಕೆ ಹಾರ ಹಾಕುತ್ತೇವೆ. ಅವರಂತೆ ನಲವತ್ಮೂರಕ್ಕೆ ದಾರಿ ಬದಲಿಸಿದ ನೆರೆಮನೆಯವನನ್ನು ಆಡಿಕೊಳ್ಳುತ್ತೇವೆ.

ಇನ್ನೊಂದು ಹೆಸರು ಬೇಂದ್ರೆಯವರದು. ಇಂಡಿ ಕಡೆಯ ಹಲಸಂಗಿ ಗೆಳೆಯರಿಗೂ ಅವರಿಗೂ ಇದ್ದ ನಂಟು ಎಲ್ಲರಿಗೂ ಗೊತ್ತು. ಗೊತ್ತಿರದ ಸಂಗತಿ ಎಂದರೆ ಅವರ ಅಂಕಪಟ್ಟಿಯ ತಾರೀಖು. 1918ರಲ್ಲಿ ಬಿ.ಎ. ಮುಗಿಸಿದ ಬೇಂದ್ರೆ ಎಂ.ಎ. ಮಾಡಿದ್ದು 1935ರಲ್ಲಿ, 39ನೆಯ ವಯಸ್ಸಿನಲ್ಲಿ. ನಡುವೆ ಮಾಸ್ತರಿಕೆ, ಸಂಸಾರ, ಸಾವುನೋವು, ಜೈಲು, ಕೆಲಸ ಹೋದದ್ದು ಎಲ್ಲ ಆಗಿತ್ತು. ಅಷ್ಟೊತ್ತಿಗೆ ನಾಡೇ ಮೆಚ್ಚಿದ ಕವಿ. ಪದವಿ ಇಲ್ಲದಿದ್ದರೂ ನಡೆಯುತ್ತಿತ್ತು ಎನ್ನಬಹುದು. ಹೊಟ್ಟೆಪಾಡಿಗೆ ನಡೆಯುತ್ತಿರಲಿಲ್ಲ. 1944ರಲ್ಲಿ ಸೊಲ್ಲಾಪುರದ ಡಿಎವಿ ಕಾಲೇಜಿನಲ್ಲಿ ಕನ್ನಡ ಪ್ರಾಧ್ಯಾಪಕರಾದಾಗ ಅವರಿಗೆ 48. ಅಲ್ಲಿ 1956ರವರೆಗೆ ದುಡಿದರು. ಅಂಬಿಕಾತನಯದತ್ತರ ಜೀವನದಲ್ಲಿ ನೆಮ್ಮದಿಯ ಸಂಬಳದ ಕಾಲ ಎಂದರೆ ನಡುವಯಸ್ಸಿಗೆ ಪಡೆದ ಆ ಪದವಿಯ ನಂತರದ್ದೇ. ಮಹಾಕವಿಗೆ ಸಲ್ಲುವ ನ್ಯಾಯ ನಾಲತವಾಡದ ಒಬ್ಬ ಕ್ಲಾರ್ಕನಿಗೆ ಯಾಕೆ ಸಲ್ಲಬಾರದು?

ಹೆಣ್ಣುಮಕ್ಕಳ ವಿಷಯಕ್ಕೆ ಬಂದರೆ ಈ ನಗು ಬರೀ ಮೂರ್ಖತನವಲ್ಲ, ಅನ್ಯಾಯ. 2011ರ ಜನಗಣತಿಯಲ್ಲಿ ಜಿಲ್ಲೆಯ ಹೆಣ್ಣುಮಕ್ಕಳ ಸಾಕ್ಷರತೆ ಶೇ 57ರ ಆಸುಪಾಸು. ಗಂಡಸರದು ಶೇ 77. ಈ ಇಪ್ಪತ್ತು ಅಂಕದ ಅಂತರವನ್ನು ಆ ಹುಡುಗಿಯರು ತಾವಾಗಿ ಕೇಳಿ ಪಡೆಯಲಿಲ್ಲ. ಏಳನೆತ್ತೆಗೆ ಬಿಡಿಸಿದರು, ಎಸ್ಸೆಸ್ಸೆಲ್ಸಿ ರಿಸಲ್ಟ್ ಬರುವ ಮೊದಲೇ ಅಕ್ಕಿಕಾಳು ಹಾಕಿದರು. ಓದುವ ವಯಸ್ಸಿನಲ್ಲಿ ಓದಲು ಬಿಡದವರೇ ಇಂದು “ಇದು ಓದೂ ವಯಸ್ಸಲ್ಲ” ಎಂದರೆ ಅವಳು ಓದಬೇಕಾದದ್ದು ಯಾವಾಗ?

ನನಗೆ ಗೊತ್ತಿರುವ ಒಬ್ಬ ಟೇಲರ್ ಅಕ್ಕ ಇದ್ದಾಳೆ. ಪೇಟೆಯ ಹಿಂದಿನ ಓಣಿಯಲ್ಲಿ ಒಂದು ಮಷೀನು, ಗೋಡೆಗೆ ನೇತುಹಾಕಿದ ಜಂಪರುಗಳ ಸಾಲು. ಪಿಯುಸಿಯನ್ನು ಖಾಸಗಿ ಅಭ್ಯರ್ಥಿಯಾಗಿ ಕಟ್ಟಿ ಪಾಸಾದಳು. ಈಗ ದೂರಶಿಕ್ಷಣದಲ್ಲಿ ಬಿ.ಎ. ನೋಟುಪುಸ್ತಕ ಹಿಡಿದರೆ ಬರುವ ಗಿರಾಕಿಗಳು ಕೆಣಕುತ್ತಾರೆಂದು ಆಕೆ ಅಳತೆ ಚೀಟಿಗಳ ಹಿಂಬದಿಯಲ್ಲಿ ಬರೆದುಕೊಳ್ಳುತ್ತಾಳೆ. ಒಂದು ಮಗ್ಗುಲಲ್ಲಿ ಎದೆ 36, ತೋಳು 9. ಇನ್ನೊಂದು ಮಗ್ಗುಲಲ್ಲಿ ‘ಬೇಡಿಕೆಯ ಸ್ಥಿತಿಸ್ಥಾಪಕತ್ವ’. ಕಾಲೇಜಿನ ಹುಡುಗರು ಪರೀಕ್ಷೆಯ ಹಿಂದಿನ ರಾತ್ರಿ ಗಟ್ಟು ಹೊಡೆದು ಮರುದಿನ ಮರೆಯುವ ಈ ಪಾಠವನ್ನು ನನಗೆ ಆಕೆ ಕತ್ತರಿ ಕೆಳಗಿಡದೆ ವಿವರಿಸಿದಳು. “ಸರ್, ಲಗ್ನಸರಾಯಿಯೊಳಗ ಹೊಲಿಗಿ ರೇಟ್ ಐವತ್ತು ರೂಪಾಯಿ ಏರಿಸಿದ್ರೂ ಯಾರೂ ಬಿಟ್ಟು ಹೋಗಂಗಿಲ್ಲ. ಆಷಾಢದಾಗ ಹತ್ತು ರೂಪಾಯಿ ಏರಿಸ್ರಿ ನೋಡೋಣ, ಮುಂದಿನ ಓಣಿ ಟೇಲರ್ ಕಡೆ ಓಡ್ತಾರ. ಅದನ್ನ ಬರದಾರ ಇವರು.” ಇಪ್ಪತ್ತರ ಹುಡುಗನಿಗೆ ಅದು ವ್ಯಾಖ್ಯೆ, ಈಕೆಗೆ ನಿತ್ಯದ ವ್ಯಾಪಾರ. ಈ ಪಾಠಕ್ಕೆ ತಕ್ಕ ವಿದ್ಯಾರ್ಥಿ ಯಾರು ಎಂದು ಕೇಳಿದರೆ ನಾನು ಆಕೆಯತ್ತ ಬೆರಳು ತೋರಿಸುತ್ತೇನೆ.

ಖರ್ಚಿನ ಮಾತು ಎತ್ತುವವರಿದ್ದಾರೆ: ಮಕ್ಕಳಿಗೆ ಹಾಕಬೇಕಾದ ದುಡ್ಡನ್ನು ತನಗೆ ಹಾಕಿಕೊಳ್ಳುವುದು ಸ್ವಾರ್ಥವಂತೆ. ಮಕ್ಕಳಿಗೆ ಎಲ್ಲಿ ಹಾಕುತ್ತಿದ್ದೇವೆ ಎಂಬುದನ್ನೂ ಸ್ವಲ್ಪ ನೋಡೋಣ. ವಿಜಯಪುರದಲ್ಲಿ 1963ರಿಂದ ಸೈನಿಕ ಶಾಲೆ ಇದೆ. ಅದಕ್ಕೆ, ನವೋದಯಕ್ಕೆ, ಕಿತ್ತೂರಿಗೆ, ಮೊರಾರ್ಜಿಗೆ ಎಂದು ಐದನೆತ್ತೆಯ ಕೂಸುಗಳನ್ನು ಕೋಚಿಂಗ್ ಸೆಂಟರಿನ ಹಾಸ್ಟೆಲಿಗೆ ತಳ್ಳುವುದು ನಮ್ಮ ತಾಲ್ಲೂಕಿನಲ್ಲೂ ದೊಡ್ಡ ರೂಢಿ. ಸಾಲ ಮಾಡಿ ಫೀ ಕಟ್ಟುತ್ತಾರೆ. ಸೀಟು ಸಿಗದ ಹತ್ತು ವರ್ಷದ ಮಗು ‘ಫೇಲಾದವ’ ಎಂಬ ಹಣೆಪಟ್ಟಿ ಹೊತ್ತು ಮನೆಗೆ ಬರುತ್ತದೆ. ಇದು ತ್ಯಾಗ, ತಾಯಿ ತಾನೇ ಓದಿದರೆ ಸ್ವಾರ್ಥ! ಸರಕಾರ 2023ರ ಆಗಸ್ಟ್‌ನಿಂದ ಮನೆಯ ಯಜಮಾನಿಗೆ ತಿಂಗಳಿಗೆ 2,000 ರೂಪಾಯಿ ಕೊಡುತ್ತಿದೆ, ವರ್ಷಕ್ಕೆ 24,000. ಮುಕ್ತ ವಿಶ್ವವಿದ್ಯಾಲಯದಲ್ಲಿ ಬಿ.ಎ.ಯ ಒಂದು ವರ್ಷದ ಫೀ ಇದರ ಅರ್ಧವೂ ಆಗುವುದಿಲ್ಲ. ಅದೇ ವರ್ಷದ ಜೂನ್‌ನಿಂದ ಸರಕಾರಿ ಬಸ್ಸಿನಲ್ಲಿ ಹೆಣ್ಣುಮಕ್ಕಳಿಗೆ ಟಿಕೀಟು ಇಲ್ಲ. ಧರ್ಮಸ್ಥಳಕ್ಕೆ, ಸವದತ್ತಿಗೆ ಹೋಗಿಬಂದವರು ಪರೀಕ್ಷೆ ಬರೆಯಲು ವಿಜಯಪುರಕ್ಕೆ ಹೋಗಿಬರಬಹುದು. ಕಾಸಿಲ್ಲ ಎಂಬ ನೆವ ಗಂಡಸಿಗೆ ಇನ್ನೂ ಇದ್ದೀತು. ಹೆಣ್ಣುಮಕ್ಕಳ ಪರವಾಗಿ ಗಂಡಸರು ಹೇಳುವ ಆ ನೆವ ಹೋಯಿತು.

ಒಂದು ಆಕ್ಷೇಪವನ್ನು ಮಾತ್ರ ನಾನು ತಳ್ಳಿಹಾಕಲಾರೆ. “ಮುಕ್ತ ವಿವಿ ಡಿಗ್ರಿ ಮಾಡಿದವರ ಗತಿ ಏನಾತು ನೋಡಿರಿಲ್ಲ?” ಎಂದು ಕೇಳುವವರಿಗೆ ಕಾರಣವಿದೆ. ಮೈಸೂರಿನ ಕರ್ನಾಟಕ ರಾಜ್ಯ ಮುಕ್ತ ವಿಶ್ವವಿದ್ಯಾಲಯ 1996ರಲ್ಲಿ ಹುಟ್ಟಿದ್ದೇ ಇಂಥ ನಡುವಯಸ್ಸಿನವರಿಗಾಗಿ. ರಾಜ್ಯದ ಗಡಿ ದಾಟಿ ಖಾಸಗಿಯವರ ಜೊತೆ ಕೈಜೋಡಿಸಿ ಕೋರ್ಸು ನಡೆಸಿತೆಂದು ಯುಜಿಸಿ 2013-14ರಿಂದ ಮಾನ್ಯತೆ ಕೊಡಲಿಲ್ಲ. ಮರಳಿ ಸಿಕ್ಕಿದ್ದು 2018ರಲ್ಲಿ. ಆ ನಡುವೆ ಹೆಸರು ಹಚ್ಚಿದ್ದವರು ಬೀದಿಗೆ ಬಿದ್ದರು. ಅಂಗನವಾಡಿ ಕಾರ್ಯಕರ್ತೆ, ಬಸ್ ಕಂಡಕ್ಟರ್, ಹೊಲಮನೆ ನೋಡಿಕೊಂಡು ರಾತ್ರಿ ಓದಿದ ರೈತ, ಇವರೆಲ್ಲ ಕಟ್ಟಿದ ಫೀಗೂ ಕಳೆದ ವರ್ಷಗಳಿಗೂ ಬೆಲೆ ಕೇಳುವವರಿರಲಿಲ್ಲ. ತಪ್ಪು ಮಾಡಿದ್ದು ಕಚೇರಿ, ನಗೆಪಾಟಲಾದದ್ದು ವಿದ್ಯಾರ್ಥಿ. ಆ ಗಾಯ ನಿಜ. ಬ್ಯಾಂಕು ಮುಳುಗಿದರೆ ಬ್ಯಾಂಕಿನವರನ್ನು ಹಿಡಿಯುತ್ತೇವೆ, ದುಡ್ಡು ಉಳಿಸುವುದೇ ಹುಚ್ಚು ಎನ್ನುವುದಿಲ್ಲ. ಇಲ್ಲಿ ಮಾತ್ರ ವಿಶ್ವವಿದ್ಯಾಲಯದ ಪಾಪವನ್ನು ಓದುವ ಆಸೆಯ ತಲೆಗೆ ಕಟ್ಟಿದೆವು.

ಹಾಗೆಂದು ಸಿಕ್ಕ ಸಿಕ್ಕ ಕಾಲೇಜಿನ ಬಾಗಿಲು ಬಡಿಯಿರಿ ಎಂದೂ ನಾನು ಹೇಳುತ್ತಿಲ್ಲ. ಹಾಜರಾತಿ ಬೇಡ, ಪರೀಕ್ಷೆಗೆ ಬಂದರೆ ಸಾಕು, ಉಳಿದದ್ದು ನಾವು ನೋಡಿಕೊಳ್ಳುತ್ತೇವೆ ಎಂದು ಬಿ.ಇಡಿ. ಮಾರುವವರು ನಡುವಯಸ್ಸಿನವರನ್ನೇ ಹುಡುಕಿಕೊಂಡು ಬರುತ್ತಾರೆ. ಹಾಗೆ ಕೊಂಡ ಪದವಿ ಮದುವೆ ಕಾರ್ಡಿನಲ್ಲಿ ಹೆಸರಿನ ಮುಂದೆ ಹಾಕಲು ಬಂದೀತು, ಅಷ್ಟೆ. ಕೇಳಬೇಕಾದ ಪ್ರಶ್ನೆ ಎರಡೇ: ಈ ಓದು ನನ್ನ ಈಗಿನ ಕೆಲಸಕ್ಕೆ ಅಥವಾ ಹಿಡಿಯಬೇಕೆಂದಿರುವ ಕೆಲಸಕ್ಕೆ ಏನು ಕೊಡುತ್ತದೆ, ಈ ಸಂಸ್ಥೆಗೆ ಈ ವರ್ಷ ಯುಜಿಸಿ ಮಾನ್ಯತೆ ಇದೆಯೇ. ವಯಸ್ಸೆಷ್ಟು ಎಂಬುದು ಆ ಪಟ್ಟಿಯಲ್ಲಿ ಇಲ್ಲ. ನೌಕರಿಯ ಲಾಭವಿಲ್ಲದೆ ಬರೀ ತಿಳಿಯುವ ಆಸೆಗೆ ಓದುವವರಿಗಂತೂ ಮೊದಲನೆಯ ಪ್ರಶ್ನೆಯೂ ಬೇಡ. ಮಗ ಕ್ರಿಕೆಟ್ ನೋಡುವ ಹೊತ್ತಿಗೆ ಅಪ್ಪ ಇತಿಹಾಸ ಓದಿದರೆ ಯಾರಿಗೆ ನಷ್ಟ? ರಕ್ಕಸಗಿಯೂ ತಂಗಡಗಿಯೂ ನಮ್ಮದೇ ತಾಲ್ಲೂಕಿನ ಊರುಗಳು. ಆ ಊರುಗಳ ಹೆಸರು ಹೊತ್ತ 1565ರ ಕದನದ ಬಗ್ಗೆ ಹೊರಗಿನಿಂದ ಬಂದವರು ಕೇಳಿದರೆ ಬಾಯಿ ಬಿಡಲಾಗದೆ ನಿಲ್ಲುತ್ತೇವೆ.

ಇಷ್ಟೆಲ್ಲ ಈಗಲೇ ಹೇಳಬೇಕಾದ ಕಾರಣವೂ ಇದೆ. ಆಲಮಟ್ಟಿ ಗೇಟಿನ ಎತ್ತರ 519.6 ಮೀಟರಿನಿಂದ 524.256ಕ್ಕೆ ಏರಲಿದೆ ಎಂದು 2010ರ ನ್ಯಾಯಮಂಡಳಿ ತೀರ್ಪಿನಿಂದಲೂ ಕೇಳುತ್ತಿದ್ದೇವೆ. ಮುಳುಗುವ ಭೂಮಿಗೆ ಎಕರೆಗೆ ನೀರಾವರಿಯಾದರೆ 40 ಲಕ್ಷ, ಒಣಬೇಸಾಯವಾದರೆ 30 ಲಕ್ಷ ರೂಪಾಯಿ ಎಂದು ರಾಜ್ಯ ಸಂಪುಟ 2025ರ ಸೆಪ್ಟೆಂಬರ್‌ನಲ್ಲಿ ತೀರ್ಮಾನಿಸಿತು. ಹಿನ್ನೀರಿನ ಊರುಗಳಲ್ಲಿ ಇನ್ನೊಮ್ಮೆ ನಡುವಯಸ್ಸಿನವರು ಕೈತುಂಬ ದುಡ್ಡು, ಕೈಯಲ್ಲಿ ಕಸುಬಿಲ್ಲ ಎಂಬ ಸ್ಥಿತಿಗೆ ಬರಲಿದ್ದಾರೆ. ಕಳೆದ ಬಾರಿ ಆ ದುಡ್ಡು ಬೈಕು, ಮದುವೆ, ಮೂರಂತಸ್ತಿನ ಮನೆಗೆ ಹೋಗಿ ಕೊನೆಗೆ ಎಷ್ಟೋ ಮಂದಿ ಗೋವಾದ ಬಸ್ಸು ಹತ್ತಿದರು. ಪುನರ್ವಸತಿ ಎಂದರೆ ನಿವೇಶನ, ಗಟಾರು, ಬೀದಿದೀಪ ಎಂದು ನಂಬಿದ ಇಲಾಖೆಗೆ ನಲವತ್ತರ ರೈತನೊಬ್ಬ ವಿದ್ಯಾರ್ಥಿಯೂ ಆಗಬಲ್ಲ ಎಂಬುದು ಹೊಳೆಯಲೇ ಇಲ್ಲ.

ಆದ್ದರಿಂದ ಒತ್ತಾಯ ಇಷ್ಟೇ. ಮುದ್ದೇಬಿಹಾಳದ ಸರಕಾರಿ ಪ್ರಥಮ ದರ್ಜೆ ಕಾಲೇಜಿನಲ್ಲಿ ಸಂಜೆ ಐದೂವರೆಯ ಮೇಲೆ ದುಡಿಯುವವರಿಗಾಗಿ ಒಂದು ತರಗತಿ ನಡೆಯಬೇಕು. ಕಟ್ಟಡ ಇದೆ, ಬೆಂಚು ಇವೆ, ಕರೆಂಟು ಇದೆ. ಮುಳುಗಡೆ ಪುನರ್ವಸತಿ ಪ್ಯಾಕೇಜಿನಲ್ಲಿ ಮಕ್ಕಳ ಜೊತೆ ತಂದೆತಾಯಿಯ ಓದಿನ ಖರ್ಚೂ ಸೇರಬೇಕು. ಶಾಸಕರು, ಮಠಗಳವರು, ಸಂಘದವರು ವರ್ಷಕ್ಕೊಮ್ಮೆ ಎಸ್ಸೆಸ್ಸೆಲ್ಸಿ ರ್‍ಯಾಂಕಿನವರಿಗೆ ಶಾಲು ಹೊದಿಸುವ ವೇದಿಕೆಯಲ್ಲಿ ನಲವತ್ತಕ್ಕೆ ಪಿಯುಸಿ ಪಾಸಾದ ಹೆಣ್ಣುಮಗಳಿಗೂ ಒಂದು ಕುರ್ಚಿ ಹಾಕಬೇಕು.

ಸರಕಾರ ಮಾಡುವವರೆಗೆ ಕಾಯಬೇಕಾಗಿಲ್ಲ. ಎಸ್ಸೆಸ್ಸೆಲ್ಸಿ ಇಲ್ಲದವರಿಗೆ ಎನ್‌ಐಒಎಸ್ ಇದೆ. ಇಗ್ನೋದ ಪ್ರಾದೇಶಿಕ ಕೇಂದ್ರ ವಿಜಯಪುರದಲ್ಲೇ ಇದೆ. ಪ್ರವೇಶ ವರ್ಷಕ್ಕೆ ಎರಡು ಸಲ, ಜನವರಿಯಲ್ಲಿ ಮತ್ತು ಜುಲೈಯಲ್ಲಿ. ಬಿ.ಎ.ಗೆ ಗರಿಷ್ಠ ವಯೋಮಿತಿ ಇಲ್ಲ.